ಕುದಿಸಿದ ನೀರಿನ ಜ್ವರ

ಹೋದ ತಿಂಗಳು ಮೊಣಕಾಲು ತೋರಿಸಿಕೊಳ್ಳಲು ಮಗಳ ಜೊತೆ ಪರೇಲಿಗೆ ಹೋಗಿದ್ದೆ. ಟ್ಯಾಕ್ಸಿಯಿಂದ ಇಳಿದು ಛತ್ರಿ ಬಿಡಿಸುವಷ್ಟರಲ್ಲಿ ಮೂಗಿಗೆ ಬಂತು ನೋಡಿ ಆ ವಾಸನೆ. ತರಕಾರಿ ಗಾಡಿಯವನು ಹೂಕೋಸಿನ ಎಲೆಗಳನ್ನು ಕಿತ್ತು ಬದಿಗೆ ಎಸೆದಿದ್ದ. ಮಳೆಗೆ ಅವು ನೆನೆದಿದ್ದವು. ಪಕ್ಕದ ಮೆಟ್ಟಿಲನ್ನು ಯಾರೋ ಆಗತಾನೆ ಫಿನೈಲ್ ಹಾಕಿ ಒರೆಸಿದ್ದರು. ನೆನೆದ ಹೂಕೋಸಿನ ಎಲೆ, ಫಿನೈಲು, ಇವೆರಡೂ ಕೂಡಿದರೆ ನನ್ನ ಪಾಲಿಗೆ ಅದು ಮೊಲದ ಮನೆ. ಅಲ್ಲೇ ನಿಂತುಬಿಟ್ಟೆ.

"ಅವ್ವಾ, ಏನಾತು? ಪೇನ್ ಆಗ್ಲಿಕ್ಕತ್ತದೇನು?" ಅಂದಳು ಮಗಳು.

"ಕಾಲಲ್ಲವಾ, ಮೊಲ" ಅಂದೆ. ಡಾಕ್ಟರಿಗೆ ಮೊಣಕಾಲಿನ ಜೊತೆ ಇವಳ ತಲೆಯನ್ನೂ ತೋರಿಸಬೇಕೇನೋ ಎಂಬಂತೆ ನನ್ನನ್ನು ನೋಡಿದಳು. ಅವಳಿಗೆ ಹೇಳಿಲ್ಲ. ಅಣ್ಣನನ್ನು ಬಿಟ್ಟರೆ ಮನೆಯಲ್ಲಿ ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಐವತ್ತರ ದಶಕದ ಒಂದು ಮಳೆಗಾಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಅಣ್ಣನ ಬೆನ್ನು ಹತ್ತಿ ಮುಂಬೈಗೆ ಬಂದಿದ್ದೆ. ಅಣ್ಣ ಮಿಲ್ಲೊಂದರ ಆಫೀಸಿನಲ್ಲಿ ಕ್ಲಾರ್ಕು, ಪರೇಲಿನ ಚಾಳಿನ ಮೂರನೇ ಮಾಳಿಗೆಯಲ್ಲಿ ಒಂದು ಖೋಲಿ. ಅತ್ತಿಗೆ, ನಮ್ಮ ಮಾತಿನಲ್ಲಿ ವೈನಿ, ಹೆರಿಗೆಗೆಂದು ತವರಿಗೆ ಹೋಗಿದ್ದಳು, ಹೀಗಾಗಿ ಒಲೆ ನನ್ನ ಪಾಲಿಗೆ ಬಂದಿತ್ತು. ಎರಡು ಓಣಿ ಆಚೆ ಆಸ್ಪತ್ರೆಗಳಿಗೆ ಸಲೈನ್ ತಯಾರಿಸುವ ಒಂದು ಸಣ್ಣ ಪ್ರಯೋಗಶಾಲೆ ಇತ್ತು. ಅಲ್ಲಿ ನನಗೆ ಕೆಲಸ ಸಿಕ್ಕಿತು. ಅದೂ ಆರು ತಿಂಗಳ ಪರೀಕ್ಷೆಯ ಮೇಲೆ.

"ಆರು ತಿಂಗಳ ನೋಡೂಣು," ಅಂದಿದ್ದ ಅಣ್ಣ. "ಕಾಯಂ ಮಾಡಿದ್ರ ಇರು. ಇಲ್ಲಾಂದ್ರ ಸುಮ್ಮನ ಹುಬ್ಬಳ್ಳಿ ಗಾಡಿ ಹತ್ತು. ಆ ವಕೀಲರ ಮಗ ಇನ್ನೂ ಹಾದಿ ಕಾಯ್ಲಿಕ್ಕತ್ತಾನ."

ವಕೀಲರ ಮಗನನ್ನು ನಾನು ನೋಡಿದ್ದೆ. ಮಾತಿಗೊಮ್ಮೆ ನಶ್ಯ ಏರಿಸುವ ಗಿರಾಕಿ. ಅವನ ಮೂಗು ನೆನಪಾದಾಗಲೆಲ್ಲ ನನಗೆ ಮೊಲಗಳ ಮೇಲಿನ ಪ್ರೀತಿ ಇಮ್ಮಡಿಯಾಗುತ್ತಿತ್ತು.

ನನ್ನ ಕೆಲಸ ಇಷ್ಟೇ: ಮೊಲಕ್ಕೆ ಜ್ವರ ಬರುತ್ತದೋ ಇಲ್ಲವೋ ನೋಡುವುದು. ಸಲೈನ್ ನೇರ ರೋಗಿಯ ನರಕ್ಕೆ ಹೋಗುವ ವಸ್ತು. ಅದಕ್ಕೇ ಪ್ರತಿ ಸಲದ ತಯಾರಿಯಿಂದ ಮೊದಲು ಒಂದು ಬಾಟಲಿ ನನ್ನ ಕೋಣೆಗೆ ಬರುತ್ತಿತ್ತು. ಮೂರು ಮೊಲಗಳನ್ನು ಕತ್ತು ಮಾತ್ರ ಹೊರಗಿರುವ ಮರದ ಪೆಟ್ಟಿಗೆಗಳಲ್ಲಿ ಕೂರಿಸಬೇಕು, ಹಿಂದಿನಿಂದ ಥರ್ಮಾಮೀಟರ್ ಇಡಬೇಕು, ಕಿವಿಯ ನರಕ್ಕೆ ಬೆಚ್ಚಗೆ ಮಾಡಿದ ಸಲೈನ್ ಚುಚ್ಚಬೇಕು, ಆಮೇಲೆ ಮೂರು ಗಂಟೆ ಕಾಯಬೇಕು. ಮೊಲದ ಮೈ ಮೊದಲೇ ನಮ್ಮ ಮೈಗಿಂತ ಬಿಸಿ. ನೂರಾ ಎರಡು, ನೂರಾ ಮೂರು ಇದ್ದರೆ ಅದು ಆರೋಗ್ಯವಾಗಿದೆ ಎಂದು ಲೆಕ್ಕ. ಅದಕ್ಕಿಂತ ಒಂದು ಡಿಗ್ರಿ ಏರಿತೆಂದರೆ ಬಾಟಲಿಯ ಮೇಲೆ ಸಂಶಯ. ಮೂರರಲ್ಲಿ ಒಂದಕ್ಕೆ ಏರಿದರೂ ಇನ್ನೂ ಐದು ಮೊಲಗಳ ಮೇಲೆ ಪರೀಕ್ಷೆ ಮಾಡಲೇಬೇಕು ಎಂಬುದು ಕಟ್ಟುನಿಟ್ಟಿನ ನಿಯಮ.

ಒಂದು ಗುಟ್ಟನ್ನು ನಾನಾಗಿಯೇ ಕಂಡುಕೊಂಡಿದ್ದೆ. ಜ್ವರ ಏರುವ ಮುಂಚೆ ಮೊಲದ ಕಿವಿ ತಣ್ಣಗಾಗುತ್ತದೆ. ಇದ್ದ ಬಿಸಿಯನ್ನು ಹೊರಗೆ ಬಿಡಬಾರದೆಂದು ಮೈ ಕಿವಿಯ ರಕ್ತನಾಳಗಳನ್ನು ಮುದುಡಿಕೊಳ್ಳುತ್ತದೆ. ಪಾದರಸ ಏಳುವ ಮೊದಲೇ ನನ್ನ ಬೆರಳಿಗೆ ಸುದ್ದಿ ಗೊತ್ತಾಗುತ್ತಿತ್ತು.

ನಮ್ಮ ಡಾಕ್ಟರ್ ಸಾಹೇಬರು ವಯಸ್ಸಾದ ಪಾರ್ಸಿ. ಕೆಲಸಕ್ಕೆ ಸೇರಿದ ದಿನವೇ ಎದುರು ಕೂರಿಸಿಕೊಂಡು ತಮ್ಮ ಹಿಂದಿಯಲ್ಲಿ ಪಾಠ ಮಾಡಿದ್ದರು. ಸೂಕ್ಷ್ಮಜೀವಿಯ ಮೈಸುತ್ತ ಒಂದು ಗೋಡೆ ಇರುತ್ತದೆ. ನೀರನ್ನು ಕುದಿಸಿದರೆ, ಒತ್ತಡದ ಹಬೆಯಲ್ಲಿ ಬೇಯಿಸಿದರೆ, ಜೀವಿ ಸಾಯುತ್ತದೆ, ಗೋಡೆಯ ಚೂರು ಮಾತ್ರ ಸಾಯುವುದಿಲ್ಲ. ಅದಕ್ಕೆ ಜೀವವೇ ಇಲ್ಲ, ಸಾಯುವುದೆಲ್ಲಿಂದ? ಆ ಚೂರು ರಕ್ತಕ್ಕೆ ಇಳಿದರೆ ಸಾಕು, ವೈರಿಯೇ ಒಳಗೆ ಬಂದನೆಂದು ಮೈ ಗಾಬರಿಬಿದ್ದು ತನ್ನ ಬೆಂಕಿಯನ್ನು ತಾನೇ ಹೊತ್ತಿಸಿಕೊಳ್ಳುತ್ತದೆ. "ಜ್ವರ ತರುವುದು ಕ್ರಿಮಿಯಲ್ಲ, ನಮ್ಮದೇ ಮೈ," ಎಂದಿದ್ದರು. "ಅದಕ್ಕೇ ಚುಚ್ಚಿದ ಕೂಡಲೇ ಬರುವುದಿಲ್ಲ. ಮೈ ತಯಾರಿ ಮಾಡಿಕೊಳ್ಳಲು ಒಂದು ಗಂಟೆಯಾದರೂ ಬೇಕು." ನಾನು ಎಲ್ಲ ಬರೆದುಕೊಂಡೆ. ತಿಳಿಯಿತು ಎಂದೂ ಅಂದುಕೊಂಡೆ.

ನೀರಿನ ಕೋಣೆ ವಾಸುವಣ್ಣನದು. ಉಡುಪಿ ಕಡೆಯವನು, ಐವತ್ತರ ಆಸುಪಾಸಿನ ಮನುಷ್ಯ. ಇಪ್ಪತ್ತು ವರ್ಷ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಬಾಯ್ಲರ್ ನೋಡಿಕೊಂಡಿದ್ದವನಿಗೆ ಹಬೆ ಯಂತ್ರ ಹೊಸದಲ್ಲವೆಂದು ಸಾಹೇಬರು ಇಲ್ಲಿಗೆ ಕರೆತಂದಿದ್ದರು. ನೀರನ್ನು ಆವಿ ಮಾಡಿ, ತಣಿಸಿ, ಶುದ್ಧ ಮಾಡಿ ಕೊಡುವುದು ಅವನ ಕೆಲಸ. ದಿನಾ ಬೈಕುಲ್ಲಾ ಮಾರ್ಕೆಟಿನಲ್ಲಿ ಇಳಿದು, ವ್ಯಾಪಾರಿಗಳು ಬಿಸಾಡಿದ ಹೂಕೋಸಿನ ಎಲೆ, ಕ್ಯಾರೆಟ್ಟಿನ ಸೊಪ್ಪು ಗೋಣಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಮೊಲಗಳು ಅವನ ಹೆಜ್ಜೆ ಸಪ್ಪಳಕ್ಕೇ ಎದ್ದು ನಿಲ್ಲುತ್ತಿದ್ದವು. ನಾನು ಡಬ್ಬಿ ತರದ ದಿನ ಅವನ ಕುಚ್ಚಲಕ್ಕಿ ಅನ್ನದಲ್ಲಿ ಅರ್ಧ ನನಗೆ.

"ಎಂತ ಮಾರಾಯ್ತಿ, ಬಿ.ಎಸ್ಸಿ. ಮಾಡಿ ಮೊಲದ ಕುಂಡೆ ನೋಡ್ಲಿಕ್ಕೆ ಬಂದದ್ದಾ ನೀನು?" ಎಂದು ದಿನಕ್ಕೊಮ್ಮೆ ಛೇಡಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆ ಜೂನಿನಲ್ಲಿ ಎರಡು ಸಲ ಮೊಲಗಳಿಗೆ ಜ್ವರ ಬಂತು. ಎರಡು ತಯಾರಿಯನ್ನೂ ಸಾಹೇಬರು ಮೋರಿಗೆ ಸುರಿಸಿದರು. ಬಾಟಲಿಗಳನ್ನು ಮತ್ತೆ ಭಟ್ಟಿಯಲ್ಲಿ ಕಾಯಿಸಿ ಶುದ್ಧ ಮಾಡಿದರು, ರಬ್ಬರ್ ಕೊಳವೆ ಬದಲಿಸಿದರು. ಏನೂ ಸಿಗಲಿಲ್ಲ. ಕೊನೆಗೆ ನನ್ನ ಥರ್ಮಾಮೀಟರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡತೊಡಗಿದರು. ಈ ಹುಡುಗಿಗೆ ಮೊಲ ಹಿಡಿಯಲು ಬರುವುದಿಲ್ಲ, ಅವು ಬೆದರಿ ಬಿಸಿಯಾಗುತ್ತವೆ ಎಂದು ಅವರು ನಿರ್ಧರಿಸಿದರೆ ನನ್ನ ಆರು ತಿಂಗಳು ಅಲ್ಲಿಗೇ ಮುಗಿದಂತೆ.

ಜುಲೈಯಲ್ಲಿ ಸಾಹೇಬರು ಒಂದು ವಾರ ಪುಣೆಗೆ ಹೋದರು. ಸಹಿಯ ಅಧಿಕಾರ ನನಗೆ ಬಿಟ್ಟು ಹೋದರು. ಆ ಸೋಮವಾರ ಮಳೆ ಹುಚ್ಚುಹುಚ್ಚಾಗಿ ಸುರಿಯುತ್ತಿತ್ತು. ಲೋಕಲ್ ನಿಂತಿತ್ತು. ಊರೆಲ್ಲ ವಾಂತಿಭೇದಿ, ಆಸ್ಪತ್ರೆಯಿಂದ ಸಲೈನಿಗೆ ಎರಡು ಸಲ ಮನುಷ್ಯ ಬಂದು ಹೋಗಿದ್ದ. ಅದೇ ಹೊತ್ತಿಗೆ ಮೂರರಲ್ಲಿ ಒಂದು ಮೊಲದ ಕಿವಿ ತಣ್ಣಗಾಯಿತು. ಬಲಗಿವಿ ಹರಿದಿದ್ದ, ನಾನು ತುಂಟಿ ಎಂದು ಕರೆಯುತ್ತಿದ್ದ ಮೊಲ. ಪಾದರಸ ಒಂದು ಡಿಗ್ರಿ ದಾಟಿತು.

ನಿಯಮದ ಪ್ರಕಾರ ಇನ್ನೂ ಐದು ಮೊಲ. ನಾನು ತುಂಟಿಯನ್ನು ಗೂಡಿಗೆ ಬಿಟ್ಟು, ಒಂದೇ ಒಂದು ಬೇರೆ ಮೊಲ ತಂದು ಕೂರಿಸಿದೆ. ಗುಡುಗಿಗೆ ಬೆದರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಈ ಮೊಲಕ್ಕೆ ಒಂದು ಡಿಗ್ರಿಗೆ ಕೂದಲೆಳೆಯಷ್ಟು ಕಡಿಮೆ ಏರಿತು. ಸಾಕಾಯಿತು ನನಗೆ. ಪುಸ್ತಕದಲ್ಲಿ ತುಂಟಿಯ ಹೆಸರನ್ನೇ ಎತ್ತದೆ 'ಪಾಸ್' ಎಂದು ಬರೆದು ಸಹಿ ಮಾಡಿದೆ. ಬಾಟಲಿಗಳ ಚೀಟಿಯ ಮೇಲೆ, ಏಳರಿಂದ ಮುಗಿಯುವ ಆ ತಯಾರಿಯ ನಂಬರನ್ನೂ ನಾನೇ ಬರೆದೆ. ನಾನು ಬರೆದ ಏಳರ ಅಂಕಿ ಯಾವಾಗಲೂ ಕೊರಳು ಮುರಿದುಕೊಂಡಂತೆ ಇರುತ್ತದೆ, ನೋಡಿದವರಿಗೆ ಮರೆಯುವುದಿಲ್ಲ.

ಹತ್ತು ದಿನವಾಗಿರಬೇಕು. ಅಣ್ಣ ಬೆಳಿಗ್ಗೆ ಎದ್ದವನು ಬಚ್ಚಲ ಮೋರಿಯ ಹತ್ತಿರವೇ ಕುಸಿದ. ವಾಂತಿ, ಭೇದಿ, ಕಣ್ಣು ಒಳಗೆ ಹೋದವು. ಚಾಳಿನವರು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಆಸ್ಪತ್ರೆಗೆ ತಂದರು. ಕೂಡಲೇ ಸಲೈನ್ ಏರಿಸಿದರು. ಅರ್ಧ ಗಂಟೆಯಲ್ಲಿ ನಾಡಿ ಸಿಕ್ಕಿತು, ಅವನ ಮುಖಕ್ಕೆ ಕಳೆ ಬಂತು. "ಅನ್ನಕ್ಕ ಇಟ್ಟು ಬಂದೀಯೇನು, ಸುಮಿ?" ಎಂದು ಕೇಳಿದ. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಬದುಕಿದ ಎಂದು ಬಂದ ಅಳು ಅದು.

ಒಂದು ಗಂಟೆ ಕಳೆದಿತ್ತು. ಅಣ್ಣ "ಚಳಿ" ಅಂದ. ಹೊದಿಕೆ ಎಳೆದು ಕಿವಿಯ ಮೇಲೆ ಹಾಕಲು ಹೋದೆ. ಕಿವಿ ತಣ್ಣಗಿತ್ತು.

ನನ್ನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಅವನ ಹಲ್ಲು ಕಟಕಟ ಎನ್ನತೊಡಗಿದವು, ಕಬ್ಬಿಣದ ಮಂಚ ಅಲ್ಲಾಡತೊಡಗಿತು. ನರ್ಸ್ ಇನ್ನೆರಡು ಕಂಬಳಿ ತಂದು ಹಾಕಿ, "ಘಬರಾವ್ ಮತ್, ಸಲೈನ್ ಸೇ ಹೋತಾ ಹೈ" ಎಂದಳು. ಸಲೈನಿನಿಂದ ಹೀಗಾಗುವುದುಂಟು, ಹೆದರಬೇಡ ಎಂದು. ಆ ವಾರ್ಡಿನಲ್ಲಿ ಅದು ದಿನದ ಮಾತು. ನಾನು ತಲೆ ಎತ್ತಿ ಬಾಟಲಿ ನೋಡಿದೆ. ಚೀಟಿಯ ಮೇಲೆ ಕೊರಳು ಮುರಿದ ಏಳು.

"ಬಾಟಲಿ ತೆಗೀರಿ," ಅಂದೆ. ಕನ್ನಡದಲ್ಲೇ ಅಂದೆ, ಆಮೇಲೆ ಹಿಂದಿಯಲ್ಲಿ ಕಿರುಚಿದೆ. ನರ್ಸ್ ಕೆಂಗಣ್ಣು ಬಿಟ್ಟಳು. ನೀನು ಯಾರು ಹೇಳಲು ಎಂದು ಕೇಳಿದಳು.

"ಇದನ್ನ ಪಾಸ್ ಮಾಡಿದಾಕಿ ನಾನ."

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಕೊಳವೆ ಬಿಗಿದು, ಬೇರೆ ತಯಾರಿಯ ಬಾಟಲಿ ಹುಡುಕಿ ತಂದು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅಣ್ಣನ ಜ್ವರ ನೂರಾ ನಾಲ್ಕಕ್ಕೆ ಹೋಯಿತು. ಐದು ತಿಂಗಳಿಂದ ಚೌಕುಳಿ ಹಾಳೆಯ ಮೇಲೆ ನಾನು ಎಳೆಯುತ್ತಿದ್ದ ಗೆರೆ, ಅದೇ ಏರು, ಅದೇ ಹೊತ್ತು. ಈ ಸಲ ಮಾತ್ರ ಪೆಟ್ಟಿಗೆಯಲ್ಲಿ ನನ್ನ ಅಣ್ಣ. ಸಂಜೆಗೆ ಬೆವರು ಬಂದು ಜ್ವರ ಇಳಿಯಿತು, ಅವನು ನಿದ್ದೆಹೋದ. ಅದೇ ಬಾಟಲಿಗಳು ಇನ್ನೂ ಎಷ್ಟು ಮಂಚಗಳ ಮೇಲೆ ತೂಗಿದ್ದವೋ, ಎಷ್ಟು ಜನ ಕಂಬಳಿ ಹೊದ್ದು ನಡುಗಿದ್ದರೋ, ಅವರಲ್ಲಿ ಎಷ್ಟು ಜನಕ್ಕೆ ಆ ನಡುಕ ತಡೆಯುವ ಶಕ್ತಿ ಇತ್ತೋ. ಇವತ್ತಿಗೂ ನನಗೆ ಅದು ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನನಗಾದ ಶಿಕ್ಷೆ.

ಮರುದಿನ ಬೆಳಿಗ್ಗೆ ಪುಸ್ತಕ ತೆರೆದು ಕೂತೆ. ಜೂನಿನ ಎರಡು ಜ್ವರ, ನಾನು ಮುಚ್ಚಿಟ್ಟ ಜುಲೈಯ ಒಂದು. ಮೂರೂ ಸೋಮವಾರ. ಭಾನುವಾರ ರಜೆ. ಹಾಗಾದರೆ ಶನಿವಾರದ ನೀರು? ಎದ್ದು ನೀರಿನ ಕೋಣೆಗೆ ಹೋದೆ. ಮೂಲೆಯಲ್ಲಿ ಬಿಳಿ ಬಟ್ಟೆ ಬಿಗಿದ ಎರಡು ದೊಡ್ಡ ಗಾಜಿನ ಜಾಡಿಗಳು. ತುಂಬಾ ನೀರು.

"ಇದು ಯಾವತ್ತಿಂದು, ವಾಸುವಣ್ಣಾ?"

"ನಿನ್ನೆಯದ್ದು ಉಳಿದದ್ದು, ಮೊನ್ನೆಯದ್ದೂ ಸ್ವಲ್ಪ ಉಂಟು. ಕೆಲವು ದಿನ ಬೆಳಿಗ್ಗೆ ನಳ್ಳಿಯಲ್ಲಿ ನೀರೇ ಬರುವುದಿಲ್ಲ ಅಲ್ವಾ, ಆಗ ಇದನ್ನು ಸೇರಿಸ್ತೇನೆ. ಶನಿವಾರದ್ದು ಆದ್ರೆ ಸೋಮವಾರಕ್ಕೆ ಆಗ್ತದೆ."

"ಉಳಿದಿದ್ದು ಚೆಲ್ಲಬೇಕಂತ ಸಾಹೇಬ್ರು ಹೇಳಿಲ್ಲೇನು?"

"ಚೆಲ್ಲುವುದಾ!" ಅವನಿಗೆ ನಿಜವಾಗಿಯೂ ನೋವಾಯಿತು. "ನನ್ನ ಹೆಂಡತಿ ನಾಲ್ಕು ಗಂಟೆಗೆ ಎದ್ದು ಚಾಳಿನ ನಳ್ಳಿಯ ಹತ್ರ ಜಗಳ ಮಾಡಿ ಎರಡು ಬಿಂದಿಗೆ ತರ್ತಾಳೆ ಮಾರಾಯ್ತಿ. ಇಂಥ ಬಂಗಾರದ ಹಾಗಿನ ನೀರನ್ನು ಮೋರಿಗೆ ಹಾಕ್ಲಿಕ್ಕೆ ನನಗೆ ಕೈ ಬರುವುದಿಲ್ಲ. ಮತ್ತೆ ನಾನು ಹಾಗೆಯೇ ಕೊಡುವುದಿಲ್ಲ. ಒಮ್ಮೆ ಚೆನ್ನಾಗಿ ಕುದಿಸಿಯೇ ಕೊಡುವುದು. ಹೋಟೆಲಿನಲ್ಲಿ ನಿನ್ನೆಯ ಸಾಂಬಾರು ಕುದಿಸಿ ಇಡುವುದಿಲ್ವಾ? ಯಾರಿಗೆ ಎಂತ ಆಗಿದೆ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂಥದೇ ಚಾಳಿನ ನಳದ ಸಾಲಿನಲ್ಲಿ ನಾನೂ ದಿನಾ ನಿಲ್ಲುತ್ತಿದ್ದೆ. ತಂಬಿಗೆ ನೀರು ಚೆಲ್ಲಿದ್ದಕ್ಕೆ ಪಕ್ಕದ ಖೋಲಿಯವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಇಷ್ಟಕ್ಕೂ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ್ದು ಬೆಳೆಯುತ್ತದೆ, ಕುದಿಸಿದರೂ ಅದರ ಗೋಡೆ ಉಳಿಯುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ಸಾಹೇಬರ ಪಾಠ ಬಿ.ಎಸ್ಸಿ. ಆದವಳಿಗೆ ಮಾತ್ರ ಆಗಿತ್ತು.

"ನನ್ನ ಮಾತು ನಂಬಬ್ಯಾಡ. ನೀನ ಕುದಿಸು, ನೋಡೂಣು," ಅಂದೆ.

ಅವನು ಜಾಡಿಯ ನೀರಿಗೆ ಉಪ್ಪು ಹಾಕಿ ಒಂದಲ್ಲ, ಮೂರು ಸಲ ಕುದಿಸಿದ. ಹಟವಿತ್ತು ಅವನಿಗೆ. ಅವತ್ತು ಬೆಳಿಗ್ಗೆ ಇಳಿದ ಹೊಸ ನೀರನ್ನೂ ಹಾಗೇ ತಯಾರು ಮಾಡಿದ. ಮೂರು ಮೊಲಕ್ಕೆ ಹಳೆಯದು, ಮೂರಕ್ಕೆ ಹೊಸದು. ವಾಸುವಣ್ಣ ಸ್ಟೂಲ್ ಎಳೆದುಕೊಂಡು ಪೆಟ್ಟಿಗೆಗಳ ಎದುರು ಕೂತ. ಮೊದಲ ಅರ್ಧ ಗಂಟೆ ಏನೂ ಇಲ್ಲ. "ನೋಡು, ಎಂತ ಆಯ್ತು?" ಎಂದು ನಕ್ಕ. ಒಂದು ಗಂಟೆ ಆಗುವಷ್ಟರಲ್ಲಿ ಅವನ ಕೈ ಹಿಡಿದು ಹಳೆಯ ನೀರಿನ ಮೊಲದ ಕಿವಿಯ ಮೇಲೆ ಇಟ್ಟೆ, ಆಮೇಲೆ ಹೊಸ ನೀರಿನದರ ಮೇಲೆ. ಅವನು ಮತ್ತೆ ಮೊದಲನೆಯದನ್ನು ಮುಟ್ಟಿದ. ನಗು ಹೋಯಿತು. ಹಳೆಯ ನೀರಿನ ಮೂರಕ್ಕೂ ಪಾದರಸ ಏರುತ್ತಲೇ ಹೋಯಿತು, ಹೊಸದರ ಮೂರೂ ನೆಮ್ಮದಿಯಾಗಿ ಹೂಕೋಸಿನ ಕನಸು ಕಾಣುತ್ತಾ ಕೂತಿದ್ದವು. ಮೂರು ಗಂಟೆ ಅವನು ಬೀಡಿಗೂ ಏಳಲಿಲ್ಲ.

"ಸತ್ತ ಮೇಲೂ ಬಿಡುವುದಿಲ್ವಾ ಇವು?" ಎಂದ. ಅಣ್ಣ ಆಸ್ಪತ್ರೆಯಲ್ಲಿರುವುದು ಅವನಿಗೆ ಗೊತ್ತಿತ್ತು. "ನಿನ್ನ ಅಣ್ಣನಿಗೆ ಹೋದದ್ದು ಇದೇ ನೀರಾ ತಂಗಿ?" ಎಂದ.

"ಹೌದು."

ಹೆಗಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಎದ್ದ. "ನೀರು ನನ್ನದು. ನಾನೇ ಹೇಳ್ತೇನೆ ಸಾಹೇಬ್ರ ಹತ್ರ. ನೀನು ಬಾಯಿ ಬಿಡ್ಬೇಡ, ನಿನ್ನ ಆರು ತಿಂಗಳು ಹತ್ರ ಬಂತು."

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಮನಸ್ಸು ಆಸೆಪಟ್ಟಿತು. ನೀರಿನ ತಪ್ಪು ಸಿಕ್ಕಿದ ಮೇಲೆ ತುಂಟಿಯ ವಿಷಯ ಯಾರು ಕೇಳುತ್ತಾರೆ? ಆದರೆ ನೀರು ಕೆಡುವುದು ಉಂಟೆಂದೇ ಮೊಲಗಳನ್ನು ಇಟ್ಟಿದ್ದರು, ಮೊಲ ಹೇಳಿದ್ದನ್ನು ಬರೆಯಲಿಕ್ಕೆ ನನ್ನನ್ನು ಇಟ್ಟಿದ್ದರು. ತುಂಟಿ ಹೇಳಿತ್ತು, ನಾನು ಬರೆಯಲಿಲ್ಲ. ಇಬ್ಬರೂ ಹೋದೆವು.

ಪುಣೆಯಿಂದ ಬಂದಿದ್ದ ಸಾಹೇಬರು ಎಲ್ಲ ಕೇಳಿದರು. ಮೊದಲು ಟೆಲಿಫೋನ್ ಎತ್ತಿ ಆ ತಯಾರಿಯ ಉಳಿದ ಬಾಟಲಿಗಳನ್ನೆಲ್ಲ ವಾಪಸ್ ತರಿಸಿದರು. ಆಮೇಲೆ ವಾಸುವಣ್ಣನಿಗೆ, "ಜಾಡಿ ಒಡೆದು ಹಾಕು, ಹೋಗಿ ಕೆಲಸ ಮಾಡು" ಎಂದರು. ನನ್ನ ಕಡೆ ತಿರುಗಿದರು.

"ಉಸ್ಕೋ ಮಾಲೂಮ್ ನಹೀ ಥಾ," ಎಂದರು. "ತುಮ್ಕೋ ಮಾಲೂಮ್ ಥಾ." ಅವನಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕ ನನ್ನ ಮುಂದೆ ಸರಿಸಿ, ಆ ಸೋಮವಾರದ ಪುಟದಲ್ಲಿ ಆದದ್ದನ್ನು ಆದ ಹಾಗೆ ಬರೆಸಿದರು. ಕೆಲಸದಿಂದ ತೆಗೆಯಲಿಲ್ಲ, ಕಾಯಂ ಕೂಡ ಮಾಡಲಿಲ್ಲ. ನನ್ನ ಆರು ತಿಂಗಳು ಇವತ್ತಿನಿಂದ ಹೊಸದಾಗಿ ಶುರು ಎಂದರು.

ಅದನ್ನು ಅಣ್ಣನಿಗೆ ಹೇಳಬೇಕಲ್ಲ! ಯಾಕೆ ಕಾಯಂ ಆಗಲಿಲ್ಲ ಎಂದು ಕೇಳಿದರೆ ಬಾಟಲಿಯ ಕಥೆ ಬರುತ್ತದೆ. ಅವನು ಆಸ್ಪತ್ರೆಯಿಂದ ಬಂದು ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದ. ಒಲೆಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿಬಿಟ್ಟೆ. ಕೊನೆಗೆ, "ನಾಳೆ ಹುಬ್ಬಳ್ಳಿ ಗಾಡಿ ಹತ್ತತೀನಿ, ನೀ ಹೇಳೂದು ಬ್ಯಾಡ" ಅಂದೆ.

ಬಟ್ಟಲು ಕೆಳಗಿಟ್ಟ ಸಪ್ಪಳ ಕೇಳಿತು.

"ಅಲ್ಲಾ, ನನ್ನ ಮೊಲಾ ಮಾಡಿಬಿಟ್ಟೆಲ್ಲ ನೀ!" ಅಂದ. ತಿರುಗಿ ನೋಡಿದೆ. ನಗುತ್ತಿರಲಿಲ್ಲ. "ನಡುಗಿದ್ದು ಗೊತ್ತದ ನನಗ. ಜೀವ ಹೋಗೂ ಹಂಗ ಆಗಿತ್ತು, ಸುಮಿ." ಕೆಳಗಿಟ್ಟ ಬಟ್ಟಲನ್ನು ಮತ್ತೆ ಎತ್ತಿಕೊಂಡ. "ಹುಬ್ಬಳ್ಳಿಗಿ ಹೋದ್ರ ಆ ಚೀಟಿ ಮ್ಯಾಲೆ ಯಾರು ಬರೀತಾರ? ಹೆದರಿಕಿ ಏನಂತ ಗೊತ್ತಿಲ್ಲದಾವ ಬರೀತಾನ. ನಿನಗ ಈಗ ಗೊತ್ತಾಗೇದ. ಇರು. ಇನ್ನಾರು ತಿಂಗಳ ನೋಡೂಣು."

ಇದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದೆ. ವಾಸುವಣ್ಣ ಜಾಡಿ ಒಡೆದ, ಆದರೆ ನೀರು ಚೆಲ್ಲಲು ಅವನಿಗೆ ಕೊನೆಯವರೆಗೂ ಕೈ ಬರಲಿಲ್ಲ. ದಿನಾ ಸಂಜೆ ಉಳಿದದ್ದನ್ನು ಬಕೆಟ್ಟಿನಲ್ಲಿ ತಂದು, ಫಿನೈಲ್ ಬೆರೆಸಿ, ಮೊಲದ ಮನೆಯ ನೆಲ ಒರೆಸುತ್ತಿದ್ದ. ಇಡೀ ಮುಂಬೈಯಲ್ಲಿ ಡಿಸ್ಟಿಲ್ಡ್ ವಾಟರಿನಲ್ಲಿ ನೆಲ ಒರೆಸುತ್ತಿದ್ದುದು ನಮ್ಮಲ್ಲಿ ಮಾತ್ರ ಇರಬೇಕು.

ಅಣ್ಣ ಆ ಮಾತನ್ನು ವೈನಿಗೂ ಹೇಳಲಿಲ್ಲ. ಆದರೆ ಆಮೇಲೆ ಯಾವ ಮಳೆಗಾಲದಲ್ಲಿ ಅವನಿಗೆ ನೆಗಡಿ ಜ್ವರ ಬಂದರೂ ನನ್ನನ್ನು ಕರೆಸಿ, ಕಂಬಳಿಯೊಳಗಿಂದ ಮುಖ ಹೊರಹಾಕಿ ಕೇಳುತ್ತಿದ್ದ: "ಇದು ದೇವರದೋ, ನಿಂದೋ?" ನಾನು ಅವನ ಕಿವಿ ಮುಟ್ಟಿ, "ದೇವರದು, ಸುಮ್ಮನ ಮಲಕೋ" ಅನ್ನುತ್ತಿದ್ದೆ. ವೈನಿಗೆ ಇದೇನು ಅಣ್ಣತಂಗಿಯರ ಹುಚ್ಚಾಟ ಎಂದು ಅರ್ಥವಾಗುತ್ತಿರಲಿಲ್ಲ.

ಅವನು ತೀರಿಹೋಗುವ ಮುಂಚಿನ ದಿನ ಕೂಡ ಪರೇಲಿನಲ್ಲೇ ಇದ್ದ, ಬೇರೆ ಆಸ್ಪತ್ರೆ. ಮಾತು ನಿಂತು ಎರಡು ದಿನವಾಗಿತ್ತು. ನರ್ಸ್ ಬಂದು ಹೊಸ ಬಾಟಲಿ ಏರಿಸಿ ಹೋದಳು. ಅಣ್ಣ ಕಣ್ಣು ತೆರೆದು ಬಾಟಲಿ ನೋಡಿದ, ಆಮೇಲೆ ನನ್ನನ್ನು ನೋಡಿದ, ಹುಬ್ಬು ಒಂಚೂರು ಮೇಲೆತ್ತಿದ. ನಾನು ಎದ್ದು ಕನ್ನಡಕ ಹಾಕಿಕೊಂಡು ಚೀಟಿಯನ್ನು ಮೊದಲಿಂದ ಕೊನೆಯವರೆಗೂ ಓದಿದೆ.

"ನಂದಲ್ಲೋ ಅಣ್ಣಾ," ಅಂದೆ.

ಅವನು ಕಣ್ಣು ಮುಚ್ಚಿದ. ಬೆಳಗಿನವರೆಗೂ ನಾನು ಅವನ ಕಿವಿ ಹಿಡಿದುಕೊಂಡೇ ಕೂತಿದ್ದೆ. ಬೆಚ್ಚಗಿತ್ತು.